ತಂತಿಯಲ್ಲಿ ಸೆಲ್ಯುಲೇಸ್: ಐದೂವರೆ ಸೆಂಟಿಮೀಟರ್ ಸಿಕ್ಕಿತು

ಜೂನ್, ಎರಡನೇ ವಾರ

ತಂತಿ ಮಾದರಿಯ ಅಳತೆ ಗಟ್ಟಿಯಾಯಿತು. ಒಂದು ಆಂಗ್‌ಸ್ಟ್ರಾಮ್‌ಗೆ ಒಂದು ಸೆಂಟಿಮೀಟರ್, ಅಂದರೆ ಹತ್ತು ಕೋಟಿ ಪಟ್ಟು ದೊಡ್ಡದು (ಆಂಗ್‌ಸ್ಟ್ರಾಮ್ ಅಂದರೆ ಅಣುಗಳನ್ನು ಅಳೆಯುವ ಮಾನ). ನಾನು ಮಾಡ್ತಿರೋದು ಬ್ಯಾಸಿಲಸ್ ಅಗಾರಡೆರೆನ್ಸ್ ಬ್ಯಾಕ್ಟೀರಿಯಾದ ಸೆಲ್5ಎ ಎಂಬ ಸೆಲ್ಯುಲೇಸ್ ಕಿಣ್ವದ ಮಾದರಿ. ಸೆಲ್ಯುಲೋಸ್, ಅಂದರೆ ಗಿಡದ ನಾರಿನಲ್ಲಿರುವ ಸಕ್ಕರೆಗಳ ಸರಪಳಿಯನ್ನು ನಡುವೆ ಕತ್ತರಿಸುವಂಥದ್ದು. ಗ್ಲೈಕೊಸೈಡ್ ಹೈಡ್ರೊಲೇಸ್‌ಗಳ (ಸಕ್ಕರೆ ಕೊಂಡಿಗಳನ್ನು ನೀರಿನಿಂದ ಬಿಡಿಸುವ ಕಿಣ್ವಗಳ) 5ನೇ ಕುಟುಂಬಕ್ಕೆ ಸೇರಿದ್ದು. ಅದರ ರಚನೆ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ.

ಕಿಣ್ವವೂ ಒಂದು ಸರಪಳಿಯೇ, ಸುಮಾರು 300 ಅಮೈನೊ ಆಮ್ಲಗಳದ್ದು. ಒಂದರಿಂದ ಇನ್ನೊಂದಕ್ಕೆ 3.8 ಸೆಂ.ಮೀ. ಲೆಕ್ಕ ಹಾಕಿದರೆ ಹನ್ನೊಂದೂವರೆ ಮೀಟರ್ ತಂತಿ ಬೇಕು. ಪುಣೆಯ ಬುಧವಾರ ಪೇಟೆಯಿಂದ ತಾಮ್ರದ ತಂತಿ, ಬೋಹರಿ ಆಳಿಯಿಂದ ಮಣಿ ತಂದೆ.

ಜೂನ್ ಕೊನೆ

ಹೆಲಿಕ್ಸ್‌ಗಳನ್ನು (ಸರಪಳಿ ಸ್ಪ್ರಿಂಗಿನಂತೆ ಸುತ್ತಿಕೊಂಡ ಭಾಗಗಳನ್ನು) ಚಪಾತಿ ಲಟ್ಟಣಿಗೆಗೆ ಸುತ್ತಿದೆ. ಅದರ ನಡುಭಾಗ ನಾಲ್ಕೂವರೆ ಸೆಂ.ಮೀ. ದಪ್ಪ, ನಮಗೆ ಬೇಕಾದಷ್ಟೇ. ಒಂದು ಸುತ್ತಿಗೆ 5.4 ಸೆಂ.ಮೀ. ಏರಬೇಕು. ಎರಡು ಹೆಲಿಕ್ಸ್ ಎಡಸುತ್ತಾಗಿಬಿಟ್ಟವು, ಬಿಚ್ಚಿ ಮತ್ತೆ ಬಲಸುತ್ತು ಹಾಕಿದೆ. ಈಗ ಕೈಗೆ ಸಿಗುವ ಸ್ಕ್ರೂ ಒಂದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಸುತ್ತುತ್ತೇನೆ.

ಜುಲೈ

ಇಡೀ ತಿಂಗಳು ಒಂದೇ ತೊಡಕು.

ಈ ಕಿಣ್ವದ ಒಡಲು ಒಂದು ಪೀಪಾಯಿ. ಒಳಗೆ ಎಂಟು ಎಳೆ (ಸರಪಳಿಯ ನೀಳ ತುಂಡುಗಳು), ಹೊರಗೆ ಎಂಟು ಹೆಲಿಕ್ಸ್. ಕತ್ತರಿಸುವ ಕೆಲಸ ಮಾಡೋದು ಮಾತ್ರ ಎರಡೇ ಅಮೈನೊ ಆಮ್ಲ (ಅಂಕಿ ಸರಪಳಿಯಲ್ಲಿ ಅವುಗಳ ಸ್ಥಾನ): ನಾಲ್ಕನೇ ಎಳೆಯ ತುದಿಯ ಗ್ಲುಟಮೇಟ್ 139, ಏಳನೇ ಎಳೆಯ ತುದಿಯ ಗ್ಲುಟಮೇಟ್ 228. ಇವೆರಡರ ತುದಿಗಳ ನಡುವೆ ಸುಮಾರು ಐದೂವರೆ ಆಂಗ್‌ಸ್ಟ್ರಾಮ್ ಇರಬೇಕು. ನನ್ನ ಮಾದರಿಯಲ್ಲಿ ಟೇಪ್ ಹಿಡಿದರೆ ನಾಲ್ಕೇ ಸೆಂ.ಮೀ. ಬಂತು. ತಂತಿ ಬಗ್ಗಿಸಿ ಸರಿ ಮಾಡಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು ಅಲ್ವಾ?

ತಪ್ಪು ಬೇರೆ ಕಡೆ ಇತ್ತು. ಎಳೆಗಳನ್ನು ನಾನು ಬಾವಿಯ ಕಲ್ಲಿನ ಹಾಗೆ ನೆಟ್ಟಗೆ ನಿಲ್ಲಿಸಿದ್ದೆ. ನಿಜವಾದ ಪೀಪಾಯಿಯಲ್ಲಿ ಅವು ಸುಮಾರು 36 ಡಿಗ್ರಿ ವಾಲಿಕೊಂಡಿರುತ್ತವೆ, ಬುಟ್ಟಿಯ ಓರೆ ಹೆಣಿಗೆಯಂತೆ. ಓರೆಯಾದಾಗ ಎಳೆಗಳ ನಡುವಿನ ಅಂತರ ಅಷ್ಟೇ ಇದ್ದರೂ ಪೀಪಾಯಿ ಅಗಲವಾಗುತ್ತದೆ. ಎಲ್ಲ ಬಿಚ್ಚಿದೆ. ಹದಿನಾಲ್ಕೂವರೆ ಸೆಂ.ಮೀ. ಅಗಲದ ಬಕೆಟ್ ಮುಚ್ಚಳ ಇಟ್ಟು ಓರೆಯಾಗಿ ಕಟ್ಟಿದೆ. ಟೇಪ್ ಹಿಡಿದೆ: 5.6. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆಗಸ್ಟ್ 10

ಈ ದೂರಕ್ಕೇ ಇಷ್ಟು ಒದ್ದಾಡಿದ್ದೇಕೆ ಅಂತ ಮಗಳು ಕೇಳಿದಳು. ಕಾವಲಿ ಮುಂದೆ ನಿಂತೇ ಹೇಳಿದೆ. ಗ್ಲುಟಮೇಟ್ 139 ಸೆಲ್ಯುಲೋಸ್ ಸರಪಳಿಯ ಕೊಂಡಿಯಲ್ಲಿರುವ ಆಮ್ಲಜನಕಕ್ಕೆ ಪ್ರೋಟಾನ್ ಕೊಡುತ್ತದೆ. ಅದೇ ಹೊತ್ತಿಗೆ 228 ಕೆಳಗಿನಿಂದ ಸಕ್ಕರೆಯ ಒಂದನೇ ಕಾರ್ಬನ್ ಹಿಡಿಯುತ್ತದೆ. ಕೊಂಡಿ ಕಳಚುತ್ತದೆ, ಆ ಕಾರ್ಬನ್ನಿನ ಮಗ್ಗುಲು ತಿರುಗುತ್ತದೆ: ದೋಸೆ ಒಂದು ಸಲ ಮಗುಚಿತು. ಸಕ್ಕರೆ ಈಗ ಕಿಣ್ವಕ್ಕೇ ಅಂಟಿಕೊಂಡಿದೆ. ಆಮೇಲೆ ನೀರು ಬರುತ್ತದೆ. 139 ಈಗ ಅದರ ಪ್ರೋಟಾನ್ ಕಿತ್ತುಕೊಳ್ಳುತ್ತದೆ, ನೀರು ಸಕ್ಕರೆಯನ್ನು ಬಿಡಿಸುತ್ತದೆ. ದೋಸೆ ಎರಡನೇ ಸಲ ಮಗುಚಿತು, ಮೊದಲಿನ ಮಗ್ಗುಲಿಗೇ ಬಂತು.

ಒಂದೇ ಸಲ ಮಗುಚುವ ಕಿಣ್ವ ಕುಟುಂಬಗಳೂ ಇವೆ, 9ನೆಯದು ಹಾಗೆ. ಅಲ್ಲಿ ಸಕ್ಕರೆಯ ಜೊತೆಗೇ ನೀರಿಗೂ ಜಾಗ ಬೇಕು, ಹಾಗಾಗಿ ಅಂತರ ಹತ್ತು ಆಂಗ್‌ಸ್ಟ್ರಾಮ್ ಹತ್ತಿರ. ಈ ಎರಡೂ ದಾರಿಗಳನ್ನು ಜೀವರಸಾಯನ ವಿಜ್ಞಾನಿ ಡೇನಿಯಲ್ ಕೋಶ್ಲಂಡ್ 1953ರಲ್ಲೇ ಸೂಚಿಸಿದ್ದರು.

ಅಂಟಿಕೊಂಡ ಆ ಹಂತ ಬಹಳ ಹೊತ್ತು ನಿಲ್ಲುವುದಿಲ್ಲ. ಅದನ್ನು ಹಿಡಿದು ನಿಲ್ಲಿಸಿದ ಬಗೆ ನನಗೆ ತುಂಬಾ ಇಷ್ಟ. ಸಕ್ಕರೆಯ ಎರಡನೇ ಕಾರ್ಬನ್‌ನಲ್ಲಿ ಹೈಡ್ರಾಕ್ಸಿಲ್ (OH) ಬದಲು ವಿಜ್ಞಾನಿಗಳು ಫ್ಲೋರಿನ್ ಇಟ್ಟರು. ಎರಡನೇ ಹಂತ ತೆವಳತೊಡಗಿತು, ಎಕ್ಸ್‌ರೇ ಚಿತ್ರಕ್ಕೆ ಸಮಯ ಸಿಕ್ಕಿತು. 1998ರಲ್ಲಿ ಗಿಡಿಯನ್ ಡೇವಿಸ್ ತಂಡ ಈ ಸೆಲ್5ಎ ಮೇಲೆಯೇ ಅಂಥ ಚಿತ್ರಗಳ ಸಾಲನ್ನು ಪ್ರಕಟಿಸಿತು.

ಆಗಸ್ಟ್ 24

ಸೆಲ್ಯುಲೋಸ್ ಸರಪಳಿಗೆ, ಸಕ್ಕರೆಗೊಂದರಂತೆ, ರಟ್ಟಿನ ಷಟ್ಕೋನ ಕತ್ತರಿಸಿಟ್ಟಿದ್ದೆ, ಒಂದು ಬಿಟ್ಟು ಒಂದು ತಲೆಕೆಳಗಾಗಿ. ಪುಣೆಯ ಮಳೆಗೆ ಎಲ್ಲದಕ್ಕೂ ಬೂಷ್ಟು. ರಟ್ಟೂ ಸೆಲ್ಯುಲೋಸೇ, ಬೂಷ್ಟಿನಲ್ಲೂ ಸೆಲ್ಯುಲೇಸ್ ಇರುತ್ತದೆ. ಎಸೆಯುವ ಮೊದಲು ಆ ಹಸಿರು ಚುಕ್ಕೆಗಳನ್ನು ಬಹಳ ಹೊತ್ತು ನೋಡಿದೆ.

ಹೊಸ ಸರಪಳಿಗೆ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್. ಇದು ನಮ್ಮೂರಲ್ಲಿ ಕೆಲಸ ಮಾಡಿದ, ಕಸದಿಂದ ವಿಜ್ಞಾನದ ಆಟಿಕೆ ಮಾಡುವ ಅರವಿಂದ ಗುಪ್ತಾ ಮಕ್ಕಳಿಗೆ ಕಲಿಸಿದ ಉಪಾಯ. ಕೀಲುಗಳು ಬಾಗುತ್ತವೆ, ಅದೇ ಬೇಕಾಗಿದ್ದು. ಕತ್ತರಿ ಬೀಳುವ ಜಾಗಕ್ಕೆ ಬಂದಾಗ ಸಕ್ಕರೆ ಕುರ್ಚಿಯಾಕಾರ ಬಿಟ್ಟು ತಿರುಚಿದ ದೋಣಿಯಾಗುತ್ತದೆ. ಬೆರಳಲ್ಲಿ ಒತ್ತಿ ನೋಡಿದೆ. ಒಂದನೇ ಕಾರ್ಬನ್ನಿನ ಕೀಲು ತಿರುಗಿ ನೇರ 228ರ ಮೇಲೆ ಬಂತು. ಹೊರಡಬೇಕಾದ ಕೊಂಡಿ ಮೇಲಕ್ಕೆ, 139ರ ಕಡೆಗೆ ಎದ್ದು ನಿಂತಿತು.

ಮುಂದಿನ ವಾರ, ಸರಪಳಿ ಕೂರುವ ಸೀಳಿನ ಪಕ್ಕದ ಇನ್ನೊಂದು ಬಗೆಯ ಅಮೈನೊ ಆಮ್ಲಗಳು, ಟ್ರಿಪ್ಟೊಫಾನ್‌ಗಳು.