ಮೂಲೆಯ ಮಡಿ

ಆ ವರ್ಷ ನಮ್ಮ ನರ್ಸರಿಯಲ್ಲಿ ಸಸಿ ಕೊಳೆ ವಿಪರೀತ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಗ್ಗೆ ಬುಡದಲ್ಲಿ ನೂಲಿನಷ್ಟು ತೆಳ್ಳಗಾಗಿ ಮಲಗಿರುತ್ತಿತ್ತು. ಜೊತೆಗೆ ಬೇರಿಗೆ ಹೊಕ್ಕು ಗಂಟು ಕಟ್ಟಿಸುವ ಬೇರುಗಂಟಿನ ಹುಳುವಿನ ಕಾಟ ಬೇರೆ. ಔಷಧ ಹುಯ್ದು ಹುಯ್ದು ಸಾಕಾಗಿ, ಬೇಸಿಗೆಯಲ್ಲಿ ಹನ್ನೆರಡು ಮಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣನ್ನು ಬಿಸಿಲಲ್ಲೇ ಬೇಯಿಸೋಣ ಅಂತ ಮೀಟಿಂಗಿನಲ್ಲಿ ಹೇಳಿದೆ. ಹೇಳಿದವನ ತಲೆಗೇ ಕೆಲಸ ಬಂತು, ಎಂದಿನ ಹಾಗೆ.

ಮೊದಲ ಜಗಳ ಹಾಳೆಯದ್ದು. ಸ್ಟೋರಿನಲ್ಲಿ ಕಪ್ಪು ಮಲ್ಚಿಂಗ್ ಶೀಟ್ ಉಳಿದಿತ್ತು. "ಕಪ್ಪು ತಾನೇ ಜಾಸ್ತಿ ಬಿಸಿಲು ಹೀರೋದು? ಇದನ್ನೇ ಹಾಕ್ಸಿ" ಅಂದರು ಮ್ಯಾನೇಜರ್. ಹೀರುತ್ತದೆ, ನಿಜ. ಆದರೆ ಕಾಯುವುದು ಹಾಳೆ, ಕೆಳಗಿನ ಮಣ್ಣಿಗೆ ಅಷ್ಟು ಸಿಗುವುದಿಲ್ಲ. ಪಾರದರ್ಶಕ ಹಾಳೆಯಾದರೆ ಬಿಸಿಲು ನೇರ ಮಣ್ಣಿಗೇ ಬೀಳುತ್ತದೆ. ಒಳಮೈಗೆ ಅಂಟಿದ ನೀರಹನಿಗಳು ಕಾವನ್ನು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಇಸ್ರೇಲಿನ ವಿಜ್ಞಾನಿ ಕಟಾನ್ ಮತ್ತು ಅವರ ಜೊತೆಗಾರರು 1976ರಲ್ಲೇ ಇದನ್ನು ಮಾಡಿ ತೋರಿಸಿ ಬರೆದದ್ದನ್ನು ಪ್ರಿಂಟ್ ತೆಗೆದು ಮ್ಯಾನೇಜರ್ ಟೇಬಲ್ ಮೇಲಿಟ್ಟೆ. ಓದಿದರೋ ಇಲ್ಲವೋ, 25 ಮೈಕ್ರಾನಿನ ಹಾಳೆ ಮೂರು ವಾರ ತಡವಾಗಿ ಬಂತು.

ಆಮೇಲಿನದ್ದೆಲ್ಲ ಪಾಠದಲ್ಲಿ ಇರುವಂತೆಯೇ ನಡೆಯಿತು. ಹೆಂಟೆ ಒಡೆದು ಮಡಿ ಸಮ ಮಾಡಿದೆವು. ಒಣಮಣ್ಣಿನಲ್ಲಿ ಕಾವು ಕೆಳಗಿಳಿಯುವುದಿಲ್ಲ ಅಂತ ಚೆನ್ನಾಗಿ ನೀರುಣಿಸಿದೆವು. ಹಾಳೆಯನ್ನು ಮಣ್ಣಿಗೆ ಅಂಟುವಂತೆ ಎಳೆದು, ಅಂಚನ್ನು ಸುತ್ತ ಚರಂಡಿ ತೋಡಿ ಹೂತೆವು. ನಾಯಿ ಓಡಾಡಿ ತೂತು ಮಾಡಿದಲ್ಲೆಲ್ಲ ಟೇಪ್ ಹಚ್ಚಿದೆವು. ನಲವತ್ತು ದಿನ, ದಿನಾ ಮಧ್ಯಾಹ್ನ ಎರಡಕ್ಕೆ ನಾನೇ ಥರ್ಮಾಮೀಟರ್ ಚುಚ್ಚಿ ಜೇಬಿನ ಪುಸ್ತಕದಲ್ಲಿ ಬರೆದುಕೊಂಡೆ. 5 ಸೆಂ.ಮೀ. ಆಳದಲ್ಲಿ 52 ಡಿಗ್ರಿ. 15ರಲ್ಲಿ 42. 25ರಲ್ಲಿ 37. ಕೊನ್ನಾರಿ ಕಳೆ ಮಾತ್ರ ಎರಡು ಕಡೆ ಹಾಳೆಯನ್ನೇ ಸೂಜಿ ಹಾಗೆ ಚುಚ್ಚಿಕೊಂಡು ಮೇಲೆ ಬಂತು. ಅದರ ಗೆಡ್ಡೆ ಈ ಕಾವಿಗೆಲ್ಲ ಜಗ್ಗುವುದಲ್ಲ. ಉಳಿದಂತೆ ಹಾಳೆ ಸುತ್ತಿದ ದಿನ ಮಣ್ಣು ಗುಡಿಸಿಟ್ಟ ಅಂಗಳದ ಹಾಗಿತ್ತು. ನಾನು ಎಲ್ಲರಿಗೂ ಕರೆದು ಕರೆದು ತೋರಿಸಿದೆ.

ಅಲ್ಲೇ ಎಡವಿದ್ದು.

ಮಣ್ಣು ಸ್ವಲ್ಪ ಗಟ್ಟಿ ಕೂತಿತ್ತು. ಬಿತ್ತೋ ಮುಂಚೆ ಒಂದು ಸಲ ಟಿಲ್ಲರ್ ಓಡಿಸಿಬಿಡೋಣ, ಹದವಾಗಲಿ ಅಂದುಕೊಂಡೆ. ಪ್ರತಿ ವರ್ಷ ಮಾಡುವ ಕೆಲಸ, ಯೋಚನೆ ಮಾಡುವಂಥದ್ದು ಅನ್ನಿಸಲೇ ಇಲ್ಲ. ಸಸಿ ಮಡಿ ನೋಡಿಕೊಳ್ಳುವ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, "ಬೆಂದಿರೋದನ್ನ ಮತ್ತೆ ಯಾಕೆ ಸರ್ ತಳದವರೆಗೂ ಕಲಸ್ತೀರಾ?" ಅಂದರು. "ಏನಾಗಲ್ಲಕ್ಕಾ, ಎಲ್ಲಾ ಸತ್ತೋಗಿದೆ" ಅಂದೆ. ಅವರು ಸುಮ್ನೆ ನಿಂತು ನೋಡಿದರು. ಇಪ್ಪತ್ತು ನಿಮಿಷ ಟಿಲ್ಲರ್ ಓಡಿತು. ಅದರ ಹಲ್ಲು ಒಂದು ಗೇಣು ಆಳದ ಕಪ್ಪು ಒದ್ದೆ ಮಣ್ಣನ್ನು ಎತ್ತಿ ಎತ್ತಿ ಮೇಲೆ ಹಾಕುತ್ತಿತ್ತು. ಅಷ್ಟೂ ಹೊತ್ತು 42, 37 ಅಂತ ಬರೆದಿದ್ದ ಪುಸ್ತಕ ನನ್ನ ಅಂಗಿ ಜೇಬಲ್ಲೇ ಇತ್ತು.

ಬಿತ್ತಿ ಒಂಬತ್ತನೇ ದಿನ ಮಡಿ ಹಸಿರಾಯಿತು. ದೂರದಿಂದ ನೋಡಿ ಮೊಳಕೆ ಚೆನ್ನಾಗಿ ಬಂದಿದೆ ಅಂತ ಖುಷಿಪಟ್ಟೆ, ಹತ್ತಿರ ಹೋಗಿ ಬಗ್ಗಿದೆ. ಮುಕ್ಕಾಲು ಪಾಲು ಕಳೆ. ಆಳದಲ್ಲಿ ಸಾಯುವಷ್ಟು ಕಾವು ತಾಕದೆ ಮಲಗಿದ್ದ ಬೀಜಕ್ಕೆ ನಾನೇ ಬೆಳಕು ತೋರಿಸಿ ಎಬ್ಬಿಸಿದ್ದೆ. ತಿಂಗಳಾದ ಮೇಲೆ ಸಸಿ ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟು. ಆ ಹುಳುಗಳೂ ಕೆಳಗಿನಿಂದಲೇ ಬಂದಿರಬೇಕು.

ಹನ್ನೆರಡನೇ ಮಡಿ ಮಾತ್ರ ಕ್ಲೀನ್. ಅದು ನೀರಿನ ತೊಟ್ಟಿ ಪಕ್ಕದ ಮೂಲೆಯಲ್ಲಿದೆ, ಟಿಲ್ಲರ್ ತಿರುಗಲು ಜಾಗ ಇಲ್ಲ. ಅಕ್ಕ ಕಳೆ ತೆಗೆಯುವ ಕುರ್ಚಿಗೆಯಲ್ಲಿ ಎರಡು ಬೆರಳು ಆಳ ಕೆದಕಿ ಬಿತ್ತಿದ್ದರಷ್ಟೆ. ಆ ಮಡಿ ಮುಂದೆ ಅವರು, ನಾನು ಇಬ್ಬರೂ ನಿಂತಿದ್ದೆವು. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗ ಹಾಳೆ ತೆಗೆದ ಮಡಿಗೆ ಟಿಲ್ಲರ್ ಬಿಡುವುದಿಲ್ಲ. ಉಳುವುದು, ಗೊಬ್ಬರ ಬೆರೆಸುವುದು ಎಲ್ಲ ಹಾಳೆ ಹೊದಿಸುವ ಮುಂಚೆಯೇ.

ಮ್ಯಾನೇಜರ್ ಮೇಲಿನವರಿಗೆ ವರದಿ ಕಳಿಸಿದರು. ಯಶಸ್ವಿ ಪ್ರಯೋಗವಂತೆ. ಫೋಟೋ ನೋಡಿದೆ, ಮೂಲೆಯ ಮಡಿಯದ್ದೇ. ಹನ್ನೊಂದು ಮಡಿಯ ಕಳೆ ಕಿತ್ತ ಕೂಲಿ ಲೆಕ್ಕ ಇನ್ನೊಂದು ಫೈಲಿನಲ್ಲಿದೆ, ಕೆಳಗೆ ನನ್ನ ಸಹಿ.