ಹಾಳೆಯೊಳಗಿನ ನೀರು

ನಮ್ಮ ಅತ್ತೆಗೆ ಜ್ವರ ಬಂದಿದ್ದು ಹೋದ ವರ್ಷ, ಪುನರ್ವಸು ಮಳೆ ನಾಲ್ಕೈದು ದಿನ ಬಿಡುವು ಕೊಟ್ಟು ಹೊಳವಾದ ಮೇಲೆ. ನೆನೆದುಕೊಂಡು ಕೊಟ್ಟಿಗೆ ಕೆಲಸ ಮಾಡಿದ್ದಾರೆ, ಥಂಡಿ ಜ್ವರ ಇರಬೇಕು ಅಂದುಕೊಂಡೆವು. ಜ್ವರ ಅಂದರೆ ನಮ್ಮ ಕಡೆ ಮೊದಲು ಎದೆ ಝಲ್ ಅನ್ನುವುದು ಮಂಗನ ಕಾಯಿಲೆಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಆ ಕಾಯಿಲೆಯ ಕತೆ ಕೇಳಿಯೇ ಬೆಳೆದವರು ನಾವು. ಆದರೆ ಅದು ಚಳಿಗಾಲ, ಬೇಸಿಗೆಯಲ್ಲಿ ಬರುವಂಥದ್ದು. ಅತ್ತೆ ದರಗು, ಅಂದರೆ ಒಣ ಎಲೆ, ತರಲು ಅಂತ ಕಾಡಿಗೆ ಹೋಗಿರಲಿಲ್ಲ, ಆ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ, ಕಚ್ಚಿರಲಿಲ್ಲ. ಹಾಗಾಗಿ ಸಮಾಧಾನ ಮಾಡಿಕೊಂಡೆವು. ಡೆಂಗಿ ಅನ್ನುವುದು ಯಾರ ಬಾಯಲ್ಲೂ ಬರಲಿಲ್ಲ. ಅದು ಪೇಟೆಯ ಜ್ವರ, ಚರಂಡಿ ಪಕ್ಕದವರ ಜ್ವರ. ತೀರ್ಥಹಳ್ಳಿಯಿಂದ ಇಷ್ಟು ಒಳಗಿರುವ, ಮನೆಗೂ ಮನೆಗೂ ಕೂಗಳತೆ ದೂರ ಇರುವ ನಮ್ಮೂರಿಗೆ ಅದೆಲ್ಲಿಂದ ಬರಬೇಕು?

ಮೈಕೈ ನೋವು ತಡೆಯಲಾಗದೆ ಅತ್ತೆ ತಮ್ಮ ಮಂಡಿನೋವಿಗೆ ಇಟ್ಟುಕೊಂಡಿದ್ದ ಡೈಕ್ಲೋಫೆನಾಕ್ ಮಾತ್ರೆಯನ್ನೇ ಎರಡು ದಿನ ನುಂಗಿದ್ದರು. ನನಗದು ಗೊತ್ತಿತ್ತು, ತಡೆಯಲಿಲ್ಲ. ಐದನೇ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. "ಜ್ವರ ಬಿಡ್ತು ಮಾರಾಯ್ತಿ, ಒಂದ್ ಲೋಟ ಕಾಫಿ ಕೊಡು" ಅಂದರು. ಕಾಫಿ ಕುಡಿದದ್ದು ವಾಂತಿಯಾಯಿತು, ಮತ್ತೆ ಮತ್ತೆ ಆಯಿತು. ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಹೋದವರು ಅಲ್ಲೇ ಒಲೆಯ ಪಕ್ಕ ಕುಸಿದರು. ಎತ್ತಿ ಕೂರಿಸುವಾಗ ಕೈಕಾಲು ಐಸಿನ ಹಾಗಿತ್ತು. ಒಸಡಿನಲ್ಲಿ ರಕ್ತ ಕಂಡಾಗ ನನ್ನ ಜೀವವೇ ಹೋದ ಹಾಗಾಯಿತು.

ಅದು ಡೆಂಗಿಯೇ ಆಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರರಿಂದ ಏಳನೇ ದಿನದ ನಡುವೆ, ಜ್ವರ ಬಿಟ್ಟ ಮೇಲಿನ ಒಂದೆರಡು ದಿನದಲ್ಲಿ, ಕೆಲವರಿಗೆ ರಕ್ತನಾಳದೊಳಗಿನ ನೀರಿನಂಶ ಹೊರಕ್ಕೆ ಸೋರಿ ಬಿಪಿ ಬಿದ್ದುಬಿಡುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುವಂಥವು, ಈ ಜ್ವರಕ್ಕೆ ಕೊಡಲೇಬಾರದು. ಪ್ಯಾರಾಸಿಟಮಾಲ್ ಒಂದೇ, ಅದೂ ಅಳತೆಯಲ್ಲಿ. ನೋಡಲು ಬಂದ ನೆಂಟರೆಲ್ಲ "ಪ್ಲೇಟ್‌ಲೆಟ್ ಎಷ್ಟಿದೆ?" ಅಂತಲೇ ಕೇಳುತ್ತಿದ್ದರು. ವಾರ್ಡಿನ ಸಿಸ್ಟರ್ ಮಾತ್ರ, ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಅಂತ ತಿಳಿಯಲು, ಗಂಟೆಗಂಟೆಗೂ ಬಂದು ಕೇಳಿದ್ದು "ಅಮ್ಮ ಮೂತ್ರ ಮಾಡಿದ್ರಾ?" ಅಂತ. ಯಾರೋ ಪಪ್ಪಾಯ ಎಲೆಯ ರಸ ಹಿಂಡಿ ಬಾಟಲಿಯಲ್ಲಿ ತಂದಿದ್ದರು. ಪ್ರೀತಿಯಿಂದಲೇ ತಂದದ್ದು. ಆದರೆ ಗುಟುಕು ನೀರೂ ನಿಲ್ಲದ ಹೊಟ್ಟೆಗೆ ಆ ಕಹಿಯನ್ನು ಹೇಗೆ ಹಾಕಲಿ? ಡ್ರಿಪ್ಪಿನಲ್ಲೇ ಎರಡು ರಾತ್ರಿ ಕಳೆದವು, ಅತ್ತೆ ಉಳಿದುಕೊಂಡರು.

ಅವರು ಮನೆಗೆ ಬಂದ ಮೂರನೇ ದಿನ ನಮ್ಮೂರ ಆಶಾ ಕಾರ್ಯಕರ್ತೆ ಬಂದಳು. ಹಂಡೆ, ಸಿಂಟೆಕ್ಸ್, ಕೊಟ್ಟಿಗೆಯ ಬಾನಿ ಎಲ್ಲ ಬಗ್ಗಿ ನೋಡಿದಳು. ಸೊಳ್ಳೆ ಹುಳ ಎಲ್ಲೂ ಇರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. "ಅಕ್ಕ, ತೋಟ ನೋಡಾಣ ಬನ್ನಿ" ಅಂದಳು.

ಮೊದಲನೇ ಬಣದಲ್ಲೇ, ಅಂದರೆ ಮರಗಳ ಮೊದಲ ಪಟ್ಟೆಯಲ್ಲೇ, ಒಂದು ಅಡಿಕೆ ಹಾಳೆ ಅಂಗಾತ ಬಿದ್ದಿತ್ತು, ದೋಣಿಯ ಹಾಗೆ. ಎರಡು ಲೋಟದಷ್ಟು ನೀರು, ಟೀ ಡಿಕಾಕ್ಷನ್ ಬಣ್ಣ. ಅವಳು ಕೈ ಅಡ್ಡ ಹಿಡಿದಳು. ಕೈಯ ನೆರಳು ಬಿದ್ದದ್ದೇ ತಡ, ನೀರಿನ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ನೂಲಿನೆಳೆಯಂಥ ಹುಳಗಳು ಬಳುಕುತ್ತಾ ಸರ್ರನೆ ತಳಕ್ಕಿಳಿದವು. ಮೂವತ್ತೋ ನಲವತ್ತೋ ಇದ್ದವು. ಪಕ್ಕದಲ್ಲೇ ಇನ್ನೊಂದು ಹಾಳೆ, ಅದರಲ್ಲೂ ಹುಳ. ಅತ್ತೆ ದಿನಾ ಬೆಳಿಗ್ಗೆ ಹುಲ್ಲು ಕೊಯ್ಯಲು ಹೋಗುತ್ತಿದ್ದದ್ದು ಅದೇ ಬಣಕ್ಕೆ.

ಆವತ್ತು ರಾತ್ರಿ ಲೆಕ್ಕ ಹಾಕಿದೆ. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಬೀಳಿಸುತ್ತದೆ. ನಮ್ಮದು ಎಂಟುನೂರು ಮರದ ಸಣ್ಣ ತೋಟ, ಅದಕ್ಕೇ ಸುಮಾರು ಐದು ಸಾವಿರ ಹಾಳೆ. ಬೇಸಿಗೆಯಲ್ಲಾದರೆ ತಟ್ಟೆ ಮಾಡುವವರು ಹೆಕ್ಕಿಕೊಂಡು ಹೋಗುತ್ತಾರೆ, ಮಳೆಗಾಲದಲ್ಲಿ ಕೇಳುವವರಿಲ್ಲ. ಧೋ ಅಂತ ಸುರಿಯುವಾಗ ಹುಳ ಕೊಚ್ಚಿಹೋಗುತ್ತವೆ. ಹೊಳವಾದಾಗಲೇ ತೊಂದರೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನ ಮೇಲೆ ನಡುವೆ ಒಂದು ಬಿಳಿ ಗೆರೆ ಇರುವ ಏಡಿಸ್ ಆಲ್ಬೊಪಿಕ್ಟಸ್ ಅನ್ನುವ, ಡೆಂಗಿ ಹರಡುವ ಸೊಳ್ಳೆ ಇಂಥ ತೋಟಗಳದ್ದೇ. ಅದು ಕಚ್ಚುವುದು ಹಗಲು ಹೊತ್ತು, ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದ್ದೇವೆ ಅಂತ ನಾವು ನೆಮ್ಮದಿಯಿಂದ ಇದ್ದೆವಲ್ಲ!

ಪೋಸ್ಟರುಗಳಲ್ಲಿ ಟಯರು, ಏರ್ ಕೂಲರು, ಹೂಕುಂಡದ ಚಿತ್ರ ಇರುತ್ತದೆ. ನಮ್ಮೂರಲ್ಲಿ ಯಾರ ಮನೆಯಲ್ಲಿದೆ ಕೂಲರು? ಅಡಿಕೆ ಹಾಳೆ, ಸಿಯಾಳದ ಬುರುಡೆ, ರಬ್ಬರ್ ಹಾಲಿನ ಚಿಪ್ಪು, ಸೌದೆ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆ, ಇವನ್ನು ತೋರಿಸಬೇಕು ನಮಗೆ. ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸುವ ಡ್ರಮ್ಮನ್ನಂತೂ ಮರೆಯಬಾರದು. ಔಷಧಿ ಹೊಡೆದಾದ ಮೇಲೆ ತೊಳೆದು ಹಾಗೇ ಬಿಡುತ್ತೇವೆ, ಅದರಲ್ಲಿ ತಿಂಗಳುಗಟ್ಟಲೆ ಮಳೆ ನೀರು. ಬರೀ ಚೆಲ್ಲಿದರೆ ಸಾಲದು, ತೆಂಗಿನ ನಾರು ಹಾಕಿ ಉಜ್ಜಬೇಕು. ಮೊಟ್ಟೆ ಅಂಟಿರುವುದು ನೀರಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಸಾಯದೆ ನೀರಿಗೆ ಕಾಯುತ್ತವೆ.

2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಇರಲಿ, ಒಳ್ಳೆಯದೇ. ಆದರೆ ತೋಟದ ಒಳಗಿನ ಹಾಳೆಯನ್ನು ಯಾವ ಅಧಿಕಾರಿ ಬಂದು ಎಣಿಸಿಯಾರು? ಪಂಚಾಯ್ತಿಯವರು ಹೊಗೆ ಹಾಕಲಿ ಅಂತ ಕಾಯುವವರಿಗೂ ಒಂದು ಮಾತು: ಹೊಗೆಗೆ ಸಾಯುವುದು ಹಾರುವ ಸೊಳ್ಳೆ, ನೀರಿನಲ್ಲಿರುವ ಹುಳ ಅಲ್ಲ.

ಈ ವರ್ಷ ಮೃಗಶಿರ ಮಳೆ ಹಿಡಿದಾಗಿನಿಂದ ಭಾನುವಾರ ಬೆಳಿಗ್ಗೆ ನಮ್ಮನೆಯಲ್ಲಿ ಬೇರೆ ಕೆಲಸವಿಲ್ಲ. ಮೈ ತುಂಬ ಬಟ್ಟೆ ಹಾಕಿಕೊಂಡು ಎಲ್ಲರೂ ತೋಟಕ್ಕಿಳಿಯುತ್ತೇವೆ. ಹಾಳೆಯನ್ನು ಸೋಗೆಯಿಂದ ಕಡಿದು, ಸೀಳಿ, ಮರದ ಬುಡಕ್ಕೆ ಕವುಚಿ ಹಾಕುತ್ತೇವೆ. ಗೊಬ್ಬರವೂ ಆಯಿತು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೂ ಹೇಳಿದ್ದೇನೆ, ಔಷಧಿ ಹೊಡೆಯಲು ಹೋದ ತೋಟದಲ್ಲೆಲ್ಲ ಅವನೂ ಹೇಳುತ್ತಿದ್ದಾನೆ. ಮೇಲಿನ ಮನೆಯವರು ಶುರು ಮಾಡಿದ್ದಾರೆ, ಕೆಳಗಿನ ಮನೆಯವರು ಇನ್ನೂ ಇಲ್ಲ. ನಮ್ಮಿಬ್ಬರ ತೋಟಕ್ಕೂ ನಡುವೆ ಇರುವುದು ಒಂದು ಕಪ್ಪು, ಅಂದರೆ ಬಸಿಗಾಲುವೆ ಮಾತ್ರ, ಸೊಳ್ಳೆಗೆ ಅದೇನು ಲೆಕ್ಕ? ಇವತ್ತು ಸಂಜೆ ಅತ್ತೆಯನ್ನೇ ಕರೆದುಕೊಂಡು ಅವರ ಮನೆಗೆ ಹೋಗಬೇಕು ಅಂತಿದ್ದೇನೆ. ನನ್ನ ಮಾತಿಗಿಂತ ಅವರ ಮಾತನ್ನು ಕೇಳುತ್ತಾರೆ. ಅತ್ತೆ ಆಗಲೇ ಸೀರೆ ಬದಲಿಸಿ, ಊರುಗೋಲು ಹಿಡಿದು ಜಗುಲಿಯಲ್ಲಿ ಕೂತಿದ್ದಾರೆ.