ಶುರಿಕೆನ್ ಎಸೆಯೋಕೆ ಅಂತ ಇಗಾಗೆ ಹೋಗಿದ್ದು

ತಮ್ಮ ಜಪಾನಿನ ಓಸಾಕಾದಲ್ಲಿ ಕೆಲ್ಸಕ್ಕಿದಾನೆ, ಈ ಸಲ ನಾನು ಹೋದಾಗ "ಅಕ್ಕ, ಒಂದಿನ ಇಗಾಗೆ ಹೋಗಣ ಬಾ, ನಿಂಜಾಗಳ ಊರು, ಹಳೇ ಕಾಲದ ಗೂಢಚಾರರು, ಅವ್ರು ಎಸೀತಿದ್ದ ಶುರಿಕೆನ್ ಅನ್ನೋ ಕಬ್ಬಿಣದ ಆಯುಧನ ನಾವೇ ಎಸೀಬೋದು" ಅಂದ. ಕಿಂಟೆತ್ಸು ಟ್ರೇನಲ್ಲಿ ಇಗಾ-ಕಾಂಬೆ ತನಕ ಹೋಗಿ ಅಲ್ಲಿ ಇಗಾ ರೈಲ್ವೆಗೆ ಹತ್ಕೋಬೇಕು, ಎರಡೇ ಬೋಗಿ, ಎದುರುಗಡೆ ದೊಡ್ಡದಾಗಿ ನಿಂಜಾ ಕಣ್ಣು ಬರ್ದಿದಾರೆ. ಕಿಟಕಿ ಆಚೆ ಬರೀ ಗದ್ದೆ, ಸುತ್ತ ಬೆಟ್ಟ. ಉಯೆನೋಶಿ ಸ್ಟೇಷನ್ನಲ್ಲಿ ಇಳಿದ್ರೆ ಪಾರ್ಕು ಹತ್ರಾನೇ, ಅದೇ ಪಾರ್ಕಲ್ಲಿ ಕೋಟೆನೂ ಇದೆ, ನಿಂಜಾ ಮ್ಯೂಸಿಯಮ್ಮೂ ಇದೆ.

ಮೊದ್ಲು ಒಂದು ಮನೆ ತೋರಿಸ್ತಾರೆ. ನೋಡೋಕೆ ಹುಲ್ಲಿನ ಸೂರಿನ ರೈತರ ಮನೆ ಅಷ್ಟೇ, ವಿಶೇಷ ಏನೂ ಕಾಣಲ್ಲ. ನಿಂಜಾ ಬಟ್ಟೆ ಹಾಕಿದ್ದ ಒಬ್ಬ ಹುಡುಗಿ ಗೋಡೆ ಹತ್ರ ನಿಂತಿದ್ಲು, ಭುಜದಿಂದ ಒಂದು ಸಲ ತಳ್ಳಿದ್ಲು, ಗೋಡೆ ಗಿರಕ್ಕಂತ ತಿರುಗ್ತು, ಅವ್ಳು ಇಲ್ಲ! ಆಮೇಲೆ ಹೊಸಿಲ ಪಕ್ಕದ ಹಲಗೆ ತುದಿನ ಒತ್ತಿದ್ಲು, ಇನ್ನೊಂದು ತುದಿ ಮೇಲೆದ್ದು ಕೆಳಗೆ ಬಚ್ಚಿಟ್ಟಿದ್ದ ಕತ್ತಿ ಕೈಗೆ ಬಂತು. ಅಷ್ಟೂ ಒಂದು ಉಸಿರು ಎಳ್ಕೊಳೋ ಅಷ್ಟ್ರಲ್ಲಿ. ಆ ಹಲಗೆಗೂ ಪಕ್ಕದ ಹಲಗೆಗೂ ಏನು ವ್ಯತ್ಯಾಸ ಅಂತ ಬಗ್ಗಿ ಬಗ್ಗಿ ನೋಡಿದೆ, ಒಂದಿಷ್ಟೂ ಗೊತ್ತಾಗ್ಲಿಲ್ಲ, ಆ ಬಡಗಿ ಕೈಗೆ ಮುಗೀಬೇಕು ಅನ್ನಿಸ್ತು.

ಆಮೇಲೆ ಶುರಿಕೆನ್. ನಕ್ಷತ್ರದ ಆಕಾರದ ಕಬ್ಬಿಣ, ಕೈಗೆ ತಣ್ಣಗೆ ಹತ್ತುತ್ತೆ, ನಾನಂದುಕೊಂಡಿದ್ದಕ್ಕಿಂತ ಭಾರ. ಸಿನಿಮಾಗಳಲ್ಲಿ ಸರಸರ ಅಂತ ಹತ್ತಿಪ್ಪತ್ತು ಎಸೀತಾರಲ್ಲ, ಅಷ್ಟು ಸೊಂಟಕ್ಕೆ ಕಟ್ಕೊಂಡು ಓಡೋಕೆ ಆಗಲ್ಲ ಅಂತ ಕೈಲಿ ಹಿಡಿದಾಗ್ಲೇ ಗೊತ್ತಾಯ್ತು. ಮೊದಲ್ನೇದು ಮಣಿಕಟ್ಟು ತಿರುಗಿಸಿ ಎಸೆದೆ, ಹಲಗೆಗೆ ಅಡ್ಡಡ್ಡ ಬಡಿದು ಕೆಳಗೆ ಬಿತ್ತು, ಎರಡನೇದೂ ಅಷ್ಟೇ. ಹೇಳಿಕೊಡ್ತಿದ್ದವ್ರು ಬಂದು ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸ್ಬೇಡಿ ಅಂತ ಸನ್ನೆ ಮಾಡಿದ್ರು, ಕೈನ ತಲೆ ಮೇಲಿಂದ ನೆಟ್ಟಗೆ ಇಳಿಸಿ ಮುಂದೆ ಬಂದಾಗ ಸುಮ್ನೆ ಬಿಡ್ಬೇಕು, ಬಲ ಹಾಕ್ಬಾರ್ದು. ಹಂಗೆ ಬಿಟ್ಟಾಗ ಟಕ್ ಅಂತ ಮರಕ್ಕೆ ನಾಟ್ಕೊಂತು. ಆ ಸದ್ದು ಕಿವಿಲಿ ಇನ್ನೂ ಇದೆ.

ಆದ್ರೆ ನನ್ನ ಮನಸ್ಸಲ್ಲಿ ಕೂತಿದ್ದು ಒಳಗೆ ಗಾಜಿನ ಪೆಟ್ಟಿಗೆಲಿ ಇಟ್ಟಿದ್ದ ಸಾಮಾನುಗಳು. ಕುಡುಗೋಲು ಇದೆ, ಅವ್ರು ಕಾಮಾ ಅಂತಾರೆ, ನಮ್ಮನೆ ಕೊಟ್ಟಿಗೆಲಿ ಸಿಕ್ಕಿಸಿರೋ ಕುಡುಗೋಲಿಗೆ ಅಣ್ಣತಮ್ಮನ ಹಾಗಿದೆ. ಬೆನ್ನಟ್ಟಿ ಬರೋರ ಕಾಲಿಗೆ ಚುಚ್ಚಲಿ ಅಂತ ದಾರೀಲಿ ಚೆಲ್ಲೋ ಮಾಕಿಬಿಶಿ ಇದೆ, ಕಬ್ಬಿಣದ್ದು ಆಮೇಲೆ, ಅದಕ್ಕಿಂತ ಸುಲಭಕ್ಕೆ ಸಿಗ್ತಿದ್ದಿದ್ದು ಕೆರೇಲಿ ಬೆಳೆಯೋ ಸಿಂಗಾಡದಂಥ ಕಾಯಿ, ಒಣಗಿಸಿದ್ರೆ ಮುಳ್ಳು ಗಟ್ಟಿಯಾಗುತ್ತೆ. ಹೆಂಗೆ ಎಸೆದ್ರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತೆ. ನಂಗೆ ತಕ್ಷಣ ನೆಗ್ಗಿಲು ಮುಳ್ಳು ನೆನಪಾಯ್ತು, ಬರಿಗಾಲಲ್ಲಿ ಹೊಲಕ್ಕೆ ಹೋದೋರಿಗೆ ಅದರ ನೋವು ಹೇಳ್ಕೊಡ್ಬೇಕಾ.

ಇವೆಲ್ಲ ರೈತರ ಮನೆ ಸಾಮಾನೇ, ಯಾಕಂದ್ರೆ ಇಗಾದ ನಿಂಜಾಗಳು ಇದೇ ಬೆಟ್ಟದ ನಡುವೆ ಗದ್ದೆ ಮಾಡ್ಕೊಂಡು, ತಮ್ಮ ಊರು ತಾವೇ ಕಾಯ್ಕೊಂಡು ಇದ್ದ ಜನ. 1579ರಲ್ಲಿ ಓಡಾ ನೊಬುನಾಗಾ ಅನ್ನೋ ದೊಡ್ಡ ಸೇನಾಧಿಪತಿಯ ಮಗ ದಂಡೆತ್ತಿ ಬಂದಾಗ ಹೊಡೆದೋಡಿಸಿದ್ರು. ಎರಡು ವರ್ಷ ಬಿಟ್ಟು 1581ರಲ್ಲಿ ನೊಬುನಾಗಾ ಭಾರಿ ಸೈನ್ಯ ಕಳ್ಸಿ ನಾಲ್ಕೂ ಕಡೆಯಿಂದ ನುಗ್ಗಿಸಿ ಊರೂರೇ ಸುಟ್ಟುಹಾಕ್ದ. ಮಾರನೇ ವರ್ಷ ನೊಬುನಾಗಾ ಸತ್ತಾಗ ಅವನ ಜೊತೆಗಾರ ಸರದಾರ ಟೊಕುಗಾವಾ ಇಯೆಯಾಸು ಜೀವ ಉಳಿಸ್ಕೊಂಡು ತನ್ನೂರಿಗೆ ಹೋಗಿದ್ದು ಇದೇ ಇಗಾ ಬೆಟ್ಟದ ದಾರೀಲಿ, ಇಗಾ ಮೂಲದ ಅವನ ಸಮುರಾಯಿ ಹತ್ತೋರಿ ಹಾಂಜೋ ಜೊತೆಗಿದ್ದ. ಟೋಕಿಯೋ ಮೆಟ್ರೋದಲ್ಲಿ ಹಾಂಜೋಮೋನ್ ಅಂತ ಒಂದು ಲೈನಿದೆ ನೋಡಿ, ಅದ್ರಲ್ಲಿರೋದು ಅವನ ಹೆಸ್ರೇ.

ಕರಿ ಬಟ್ಟೆ ಮುಖಕ್ಕೆ ಕಟ್ಕೊಳೋದೆಲ್ಲ ನಾಟಕದ ಮೇಳಗಳಿಂದ ಬಂದಿದ್ದಂತೆ. ನಿಜವಾದ ಶಿನೋಬಿ, ಅಂದ್ರೆ ನಿಂಜಾನೇ, ಸನ್ಯಾಸಿ ವೇಷದಲ್ಲೋ ವ್ಯಾಪಾರಿ ವೇಷದಲ್ಲೋ ಹಗಲಲ್ಲೇ ಊರೊಳಗೆ ಹೋಗಿ, ಮಾತಾಡ್ಸಿ, ಸುದ್ದಿ ತಗೊಂಡು ವಾಪಸ್ ಬರ್ತಿದ್ದ. ಜಗಳ ಮಾಡೋದಲ್ಲ ಅವನ ಕೆಲ್ಸ, ಬದುಕಿ ಬಂದು ಸುದ್ದಿ ಮುಟ್ಸೋದು. ನಂಗಂತೂ ಇದು ಕತ್ತಿ ವರಸೆಗಿಂತ ದೊಡ್ಡ ಧೈರ್ಯ ಅನ್ನಿಸ್ತು, ಒಬ್ನೇ, ಗುರುತಿಲ್ದಿರೋ ಊರು, ಸಿಕ್ಕಿಬಿದ್ರೆ ನಮ್ಮೋನು ಅನ್ನೋರೂ ಯಾರಿಲ್ಲ.

ಸ್ಟೇಷನ್ ಹತ್ರ ಕತಾಯಾಕಿ ಅಂತ ಬಿಸ್ಕತ್ತು ತಗೊಂಡ್ವಿ, ಕಲ್ಲಿನ ಥರ ಗಟ್ಟಿ, ಚೂರು ಮುರ್ಕೊಂಡು ಬಾಯಲ್ಲಿ ನೆನೆಸ್ಕೊಂಡು ತಿನ್ಬೇಕು. ಟ್ರೇನ್ ಬರೋಕೆ ಟೈಮಿತ್ತು, ಊರಿಗೆ ಫೋನ್ ಮಾಡಿ ಅಪ್ಪಂಗೆ ಕಾಯಿ ಮುಳ್ಳಿನ ವಿಷಯ ಹೇಳ್ದೆ. ಅವ್ರು ಜಪಾನ್ ಬಗ್ಗೆ ಏನೂ ಕೇಳ್ಲಿಲ್ಲ, "ಒಣಗಿಸಿದ್ರಾ? ಹಸೀದಾದ್ರೆ ಬಗ್ಗೋಗುತ್ತಮ್ಮ" ಅಂದ್ರು.